ಕೆಂಪು ಚೀಟಿ ಉದುರಿದ ಸ್ಟೂಲು

ಮಾರ್ಚ್ 3, ಸೋಮವಾರ. ಟೀ ಹೊತ್ತು

ಇವತ್ತು ಹದಿನಾಲ್ಕು ಮೂಟೆ. ಎರಡರಲ್ಲಿ ಬರೀ ಕಿಟಕಿ ಪರದೆ. ಒಂದರಲ್ಲಿ ಒಂಟಿ ಸಾಕ್ಸ್ — ನಲವತ್ತೊಂದು. ಕೊಡುವವರ ಕೈ ಧಾರಾಳ, ಜೋಡಿಯನ್ನು ಮಾತ್ರ ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಒಂದು ಕೋಟಿನ ಜೇಬಿಗೆ ಕೈ ಹಾಕಿದರೆ ಹಲ್ಲಿನ ಸೆಟ್ಟು. ಕಿರುಚಿಕೊಂಡೆ. ಮುಂದಿನ ಕೌಂಟರಿನಿಂದ ಅತ್ತಿಗೆ ಕೂಗಿದರು, "ಏನಾಯ್ತೇ? ಇಲಿನಾ?"

"ಇಲ್ಲ ಅತ್ತಿಗೆ, ಜೇಬಲ್ಲಿ ಯಾರೋ ನಗ್ತಿದ್ದಾರೆ."

ಈ ಡೈರಿಯೂ ಮೂಟೆಯಲ್ಲೇ ಬಂದದ್ದು. ಆರು ವರ್ಷ ಹಳೆಯದು. ಚಿಂದಿ ಲಾರಿಗೆ ಹೋಗುವ ರಾಶಿಯಿಂದ ಎತ್ತಿಕೊಂಡೆ. ವಾರದ ಹೆಸರು ಹೊಡೆದು ಬರೆದುಕೊಳ್ಳಬೇಕು, ಅಷ್ಟೇ. ಮೊದಲ ಪುಟದಲ್ಲಿ ಯಾರೋ "ಇಂದಿನಿಂದ ದಿನಾ ಐದಕ್ಕೆ ಏಳುವುದು" ಎಂದು ಬರೆದಿದ್ದಾರೆ. ಆಮೇಲೆ ಪೂರ್ತಿ ಖಾಲಿ. ಪಾಪ, ಎದ್ದಿಲ್ಲ.

ಮ್ಯಾನೇಜರ್ ಬೆಳಗ್ಗೆ ಹೊಸ ಸುತ್ತೋಲೆ ಅಂಟಿಸಿದರು. ಸಿಬ್ಬಂದಿಯ ಟೀ ವಿರಾಮ ಇಪ್ಪತ್ತು ನಿಮಿಷದಿಂದ ಹತ್ತಕ್ಕೆ. ಹೆಡ್ಡಾಫೀಸು ಕಳಿಸುತ್ತದೆ, ಇವರು ಅಂಟಿಸುತ್ತಾರೆ. ನಮಸ್ಕಾರಕ್ಕಿಂತ ಮೊದಲು ಗೋಂದಿನ ಬಾಟಲಿ ಹುಡುಕುವ ಮನುಷ್ಯ. ಅದಕ್ಕೇ ನಾವು ಅವರನ್ನು ಸುತ್ತೋಲೆ ಎನ್ನುವುದು. ಮೂವತ್ತೈದರ ಆಸುಪಾಸು, ವರ್ಷವಿಡೀ ನೆಗಡಿ.

ಅಂಗಡಿ ಧರ್ಮದ್ದು. ಜನ ಕೊಟ್ಟ ಹಳೇ ಸಾಮಾನು ಮಾರಿ ಬಂದದ್ದು ಬಡ ರೋಗಿಗಳ ಔಷಧಿಗೆ. ಒಳ್ಳೆಯದೇ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಹತ್ತು ನಿಮಿಷದಲ್ಲಿ ಬಿಸಿ ಚಹಾ ಹೀರಿ ನಾಲಿಗೆ ಸುಟ್ಟುಕೊಂಡವಳಿಗೆ ಔಷಧಿ ಯಾರು ಕೊಡುತ್ತಾರೆ? ಊರಿಗೆ ಉಪಕಾರಿ, ಮನೆಗೆ ಮಾರಿ. ಹತ್ತು ನಿಮಿಷ ಆಯ್ತು, ಸುತ್ತೋಲೆ ಬಾಗಿಲಲ್ಲಿ ಸೀನಿದರು —

ಮಾರ್ಚ್ 4, ಮಂಗಳವಾರ. ಸಂಜೆ, ಬಸ್ಸಿನಲ್ಲಿ

ಮಂಗಳವಾರ ದೂರಜ್ಜನ ವಾರ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಈಗ ನಮ್ಮನ್ನು ರಿಪೇರಿ ಮಾಡುತ್ತಿದ್ದಾರೆ. ಗ್ರಾಹಕರ ದೂರು ಪುಸ್ತಕದಲ್ಲಿ ಮುಕ್ಕಾಲು ಭಾಗ ಅವರದೇ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಅವರ ಮೊದಲನೆಯದು, ಪುಸ್ತಕದ ಮೂರನೇ ದೂರು: ಟ್ರಯಲ್ ರೂಮಿನ ಪರದೆ ಒಂದು ಗೇಣು ಮೋಟು, ಮೊಣಕಾಲು ಕಾಣುತ್ತದೆ. ನಾಲ್ಕು ವರ್ಷವಾಯಿತು. ಪಕ್ಕದ ಅಂಕಣದಲ್ಲಿ 'ಪರಿಶೀಲನೆಯಲ್ಲಿದೆ'. ಎಲ್ಲ ದೂರಿನ ಪಕ್ಕದಲ್ಲೂ ಅದೇ.

ಇವತ್ತು ಎರಡು ಬರೆದರು. ಒಂದು, ಚೀಟಿಯನ್ನು ಕಾಲರಿಗೇ ಸ್ಟೇಪಲ್ ಹೊಡೆದು ತೂತು ಮಾಡುತ್ತೀರಿ. ಇನ್ನೊಂದು, ಒಳ್ಳೇ ಸಾಮಾನು ಶೆಲ್ಫಿಗೆ ಬರುವ ಮೊದಲೇ ನಿಮ್ಮದೇ ಸಂಸ್ಥೆಯ ದೊಡ್ಡ ರಸ್ತೆಯ ಅಂಗಡಿಗೆ ಹೋಗುತ್ತದೆ. ಎರಡೂ ನಿಜ. ಶುಕ್ರವಾರ ವ್ಯಾನು ಬಂದು ಕೆನೆಯೆಲ್ಲ ಎತ್ತಿಕೊಂಡು ಹೋಗುತ್ತದೆ. ನಾನೇ ಕಟ್ಟಿ ಕೊಡುತ್ತೇನೆ.

ದೂರು ಬಿದ್ದ ಸಾಮಾನಿಗೆ ಬೇರೆಯೇ ಕಾನೂನು. ಸುತ್ತೋಲೆ 12: ದೂರು ತೀರುವವರೆಗೆ ಅದನ್ನು ಮಾರುವಂತಿಲ್ಲ, ಎಸೆಯುವಂತಿಲ್ಲ, ಜಾಗದಿಂದ ಕದಲಿಸುವಂತಿಲ್ಲ. ಕಿಟಕಿ ಪಕ್ಕದ ಟೇಬಲ್ ಫ್ಯಾನು ಸದ್ದು ಮಾಡುತ್ತದೆ ಎಂದು ಯಾರೋ ಬರೆದು ಎರಡು ವರ್ಷ. ಅಲ್ಲೇ ಕೂತಿದೆ, ಧೂಳು ತಿನ್ನುತ್ತಾ. ಅದರ ಮುಂದೆ ನಾವು ಬೆವರುತ್ತೇವೆ.

ಒಬ್ಬ ಹೆಂಗಸು ಕೋಟಿನ ಬೆಲೆಗೆ ಕೌಂಟರಿನಲ್ಲಿ ಜಗಳ ತೆಗೆದಳು. "ಧರ್ಮದ ಅಂಗಡಿ ಅಂತೀರಿ, ಹೊಸದಕ್ಕೇ ಇಷ್ಟಿಲ್ಲ!" ಬೆಲೆ ಹೆಡ್ಡಾಫೀಸಿನ ಪಟ್ಟಿಯಲ್ಲಿ ಬರುತ್ತದೆ, ನಾವೇನು ಮಾಡೋಣ. ಅತ್ತಿಗೆ ಸ್ಟೂಲಿನಿಂದ ಅಲುಗದೆ, "ಕೋಟು ಬಿಡಿ. ನಿಮ್ಮ ಮಗಳಿಗೆ ಈಗ ಒಂದು ಸೈಜ್ ಜಾಸ್ತಿ ಆಗಿರ್ಬೇಕಲ್ಲ? ಮೂರನೇ ಸಾಲಲ್ಲಿ ಹಸಿರು ಸ್ವೆಟರ್ ಇದೆ, ನೋಡಿ" ಎಂದರು. ಹೆಂಗಸು ಕರಗಿಹೋದಳು. ಊರಿನ ಎಲ್ಲರ ಸೈಜೂ ಅತ್ತಿಗೆಗೆ ಬಾಯಿಪಾಠ. ನೀಲಿ ಬಣ್ಣದ ಆ ಸ್ಟೂಲಿನ ಮೇಲೆ ಅವರು ಕೂತರೆ ಅಂಗಡಿಗೆ ಒಂದು ಕಳೆ.

ನಾಳೆ ಅವರಿಗೆ ರಜಾ. ಮಂಡಿ ಡಾಕ್ಟರು.

ಮಾರ್ಚ್ 5, ಬುಧವಾರ. ಸಂಜೆ

ಅತ್ತಿಗೆ ಇಲ್ಲದ ಅಂಗಡಿ ಅಂಗಡಿಯೇ ಅಲ್ಲ. ಸುತ್ತೋಲೆಯೇ ಕೌಂಟರಿನಲ್ಲಿ ನಿಂತಿದ್ದರು. ಗ್ರಾಹಕರ ಮುಖ ನೋಡುವುದಿಲ್ಲ, ಚೀಟಿ ನೋಡುತ್ತಾರೆ.

ಯಾವುದೋ ಮುಚ್ಚಿದ ಆಫೀಸಿನಿಂದ ಹನ್ನೊಂದು ಕುರ್ಚಿ-ಸ್ಟೂಲು ಬಂದವು. ಬಂದದ್ದೆಲ್ಲ ದಿನದೊಳಗೆ ಮಾರಾಟಕ್ಕೆ ಇಡಬೇಕೆಂಬ ಆಜ್ಞೆ. ಅಷ್ಟರಲ್ಲಿ ಹಿಂದಿನ ಕೋಣೆಯ ಬಲ್ಬು ಹೋಯಿತು. ಕೌಂಟರಿನ ಸ್ಟೂಲು ತಂದು ಹತ್ತಿ ನಾನೇ ಹಾಕಿದೆ. ಆಮೇಲೆ ಸಾಲಾಗಿ ನಿಲ್ಲಿಸಿ ಹನ್ನೆರಡಕ್ಕೂ ಒಂದೇ ಉಸಿರಿಗೆ ಮಾರಾಟದ ಹಳದಿ ಚೀಟಿ ಕಟ್ಟಿ ಮುಂದೆ ತಳ್ಳಿದೆ. ಸುತ್ತೋಲೆ ಮೊದಲ ಸಲ "ಪರವಾಗಿಲ್ಲ" ಅಂದರು. ಉಬ್ಬಿಹೋದೆ.

ಮಾರ್ಚ್ 6, ಗುರುವಾರ

"ನನ್ನ ಸ್ಟೂಲೆಲ್ಲೇ?"

ಬೆಳಗ್ಗೆ ಅತ್ತಿಗೆ ಕೇಳಿದ ಮೊದಲ ಮಾತು. ಹುಡುಕಿದೆವು. ಟ್ರಯಲ್ ರೂಮು, ಹಿಂದಿನ ಕೋಣೆ, ಕಕ್ಕಸಿನ ಪಕ್ಕ. ಆಗ ನೆನಪಾಯಿತು. ಬಂದದ್ದು ಹನ್ನೊಂದು. ಚೀಟಿ ಕಟ್ಟಿದ್ದು ಹನ್ನೆರಡು.

ನಮ್ಮಲ್ಲಿ ಅಂಗಡಿಯ ಸ್ವಂತ ಸಾಮಾನಿಗೆಲ್ಲ ಕೆಂಪು ಚೀಟಿ ಇರುತ್ತದೆ, 'ಮಾರಾಟಕ್ಕಲ್ಲ' ಎಂದು. ಗೋಡೆ ಗಡಿಯಾರ, ಕನ್ನಡಿ, ಇಸ್ತ್ರಿ ಪೆಟ್ಟಿಗೆ, ಸ್ಟೂಲು. ಅದಿಲ್ಲದ್ದೆಲ್ಲ ಮಾರಿಹೋಗುತ್ತದೆ. ಹಿಂದಿನ ಮ್ಯಾನೇಜರರ ಛತ್ರಿ ಹಾಗೇ ಹೋಯಿತು. ನನ್ನ ಊಟದ ಡಬ್ಬಿ ಎರಡು ಸಲ. ಆದರೆ ಎಂಟು ವರ್ಷ ದಿನಾ ಕಣ್ಣಿಗೆ ಬಿದ್ದ ಸ್ಟೂಲನ್ನು ನಾನೇ ಗುರುತಿಸಲಿಲ್ಲವೆಂದರೆ! ಹೆತ್ತ ಮಗುವನ್ನು ಬಸ್ಸಿನಲ್ಲಿ ಬಿಟ್ಟು ಚೀಲ ಹಿಡಿದು ಇಳಿದ ಹಾಗಾಯಿತು.

ಸುತ್ತೋಲೆಯನ್ನು ಕೇಳಿದೆವು. "ಹಳದಿ ಚೀಟಿ ಇತ್ತು, ಕೊಟ್ಟೆ."

"ಯಾರಿಗೆ ಸಾರ್?"

"ಗ್ರಾಹಕರಿಗೆ."

ಹೊಸದೊಂದು ಇಡೋಣವೆಂದರೆ ಸುತ್ತೋಲೆ 22 ತೋರಿಸಿದರು. ನಗದು ಕೌಂಟರಿನಲ್ಲಿ ಆಸನ ಈಗಾಗಲೇ ಇದ್ದರೆ ಇರಬಹುದು, ಹೊಸದಾಗಿ ಇಡತಕ್ಕದ್ದಲ್ಲ. ಓದಿ ಸೀನಿದರು. ಅತ್ತಿಗೆ ನಿಂತೇ ಬಿಲ್ಲು ಹಾಕಿದರು.

ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಅಡಿಯಲ್ಲಿ ಏನೋ ಅಂಟಿತ್ತು. ಕೆಂಪು ಚೀಟಿ. ಸ್ಟೂಲು ಹತ್ತಿದಾಗ ಕಿತ್ತು ಬಂದಿರಬೇಕು. ನಿನ್ನೆಯಿಂದ 'ಮಾರಾಟಕ್ಕಲ್ಲ' ಎಂಬುದನ್ನು ತುಳಿದುಕೊಂಡೇ ಊರೆಲ್ಲ ತಿರುಗಿದ್ದೇನೆ. ಈ ಪುಟದಲ್ಲಿ ಅಂಟಿಸಿ ಬಚ್ಚಿಟ್ಟಿದ್ದೇನೆ.

ಮಾರ್ಚ್ 7, ಶುಕ್ರವಾರ

ಅತ್ತಿಗೆ ಕೇಳಿದರು, ಚೀಟಿ ಕಟ್ಟಿದ್ದು ಯಾರು ಎಂದು. ಸುಮ್ಮನೆ, ಸಾರು ಕಲಕುವಾಗ ಕೇಳುವ ಹಾಗೆ.

"ಗಡಿಬಿಡೀಲಿ ಆಗಿರ್ಬೇಕು ಅತ್ತಿಗೆ" ಎಂದೆ.

ಆಗಿರಬೇಕಂತೆ! ಸ್ಟೂಲೇ ನಡೆದುಹೋಗಿ ಕುತ್ತಿಗೆಗೆ ಚೀಟಿ ಕಟ್ಟಿಕೊಂಡಿತೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಮಾತಾಡುವಾಗಲೆಲ್ಲ ಚಪ್ಪಲಿ ನೋಡಿಕೊಂಡೆ. ಅತ್ತಿಗೆ ಮತ್ತೆ ಕೇಳಲಿಲ್ಲ.

ಮಾರ್ಚ್ 12, ಬುಧವಾರ. ಮನೆ

ಮೊದಲ ಮೂರು ದಿನ ಅತ್ತಿಗೆ ತಮಾಷೆ ಮಾಡಿಕೊಂಡೇ ನಿಂತರು. "ಈಗ ನೋಡು, ಪೊಲೀಸಮ್ಮನ ಹಾಗೆ ಇದ್ದೀನಿ." ನಾಲ್ಕನೇ ದಿನ ತಮಾಷೆ ನಿಂತಿತು. ಇವತ್ತು ಬಸ್ಸಿನ ಮೆಟ್ಟಿಲು ಹತ್ತಲು ಎರಡು ಕೈ ಬೇಕಾಯಿತು. ಬಿಸಿನೀರಿನಲ್ಲಿ ಕಾಲಿಡಿಸಿದೆ. ಮಂಡಿ ಊದಿ ಗುಂಡಗಾಗಿದೆ. ಒತ್ತುತ್ತಾ ಕೂತೆ, ಗಂಟಲಿನವರೆಗೆ ಬಂದ ಮಾತು ಅಲ್ಲೇ ಕೂತಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ.

ಅಣ್ಣನನ್ನು ಮದುವೆಯಾಗಿ ಅವರು ಬಂದಾಗ ನನಗೆ ಒಂಬತ್ತು. ನನ್ನ ತಲೆಯ ಹೇನು ತೆಗೆದದ್ದು ಅವರು, ಗಣಿತ ಹೇಳಿಕೊಟ್ಟದ್ದು ಅವರು. ನಾನು ಮದುವೆ ಬೇಡ ಅಂದಾಗ ಅಣ್ಣನ ಎದುರು ನಿಂತು, "ಬೇಡ ಅಂದ್ರೆ ಬೇಡ, ನನ್ನ ಜೊತೆ ಇರ್ತಾಳೆ" ಅಂದದ್ದೂ ಅವರೇ. ಅಣ್ಣ ಹೋದ ಮೇಲೆ ಇಬ್ಬರೇ. ಈ ಅಂಗಡಿಗೆ ನನ್ನನ್ನು ಕೈ ಹಿಡಿದು ಕರೆತಂದದ್ದೂ ಅವರು. ಅಂಥವರ ಕಾಲ ಕೆಳಗಿನ ಆಸರೆಗೆ ನಾನು ಚೀಟಿ ಕಟ್ಟಿ ಮಾರಿದೆ.

ಹೆಡ್ಡಾಫೀಸಿಗೆ ಬರೆಯೋಣವೆಂದರೆ ಸಿಬ್ಬಂದಿಯ ಸಲಹಾ ಪೆಟ್ಟಿಗೆಯಲ್ಲಿ ಹಾಕಬೇಕು. ಆ ಪೆಟ್ಟಿಗೆಗೂ ಕೆಂಪು ಚೀಟಿ ಇರಲಿಲ್ಲ. ಹೋದ ವರ್ಷವೇ ಮಾರಿಹೋಯಿತು.

ಮಾರ್ಚ್ 18, ಮಂಗಳವಾರ. ಟೀ ಹೊತ್ತು

ದೂರಜ್ಜ ಇವತ್ತು ಬರೆದದ್ದನ್ನು ಹಾಗೇ ಇಳಿಸುತ್ತಿದ್ದೇನೆ:

"ಸಂಖ್ಯೆ 212. ಕ್ಯಾಷಿಯರಮ್ಮನವರು ಎರಡು ವಾರದಿಂದ ನಿಂತೇ ಇದ್ದಾರೆ. ಕಾಲುನೋವಿನಲ್ಲಿ ನಿಂತವರ ಮುಂದೆ ಚೌಕಾಸಿ ಮಾಡಲು ನನಗೆ ನಾಚಿಕೆಯಾಗುತ್ತದೆ. ಇದರಿಂದ ನನಗೆ ನಷ್ಟ. ಕೂಡಲೇ ಅವರನ್ನು ಕೂರಿಸತಕ್ಕದ್ದು."

ಗ್ರಾಹಕರ ದೂರಾದರೂ ಹೆಡ್ಡಾಫೀಸು ತಲುಪುತ್ತದಲ್ಲ! ಉಪಾಯ ಹೊಳೆಯಿತು. ಕ್ಯೂನಲ್ಲಿದ್ದವರಿಗೆಲ್ಲ ಹೇಳಿದೆ, "ನೀವೂ ಒಂದು ಸಾಲು ಬರೀರಿ, ಅತ್ತಿಗೆಗೋಸ್ಕರ." ಎಲ್ಲರೂ ಪ್ರೀತಿಯಿಂದ ಬರೆದರು. ಆಮೇಲೆ ಓದಿದೆ. ಒಬ್ಬರು, ಶೂಗಳನ್ನು ಜೋಡಿ ಕಟ್ಟಿರುವುದರಿಂದ ಹಾಕಿ ನಡೆದರೆ ಬೀಳುತ್ತೇವೆ. ಇನ್ನೊಬ್ಬರು, ಗೊಂಬೆಗೆ ತಲೆ ಬೇಕು. ಮತ್ತೊಬ್ಬರು, ತಮ್ಮ ಗಂಡ ಇಲ್ಲಿಗೆ ಕೊಟ್ಟ ಅಂಗಿ ಈಗ ಪಕ್ಕದ ಮನೆಯವನ ಮೈಮೇಲಿದೆ, ನೋಡಲಾಗುತ್ತಿಲ್ಲ. ಪೆನ್ನು ಸಿಕ್ಕಿದರೆ ಸಾಕು, ಮನುಷ್ಯನಿಗೆ ತನ್ನ ಗಾಯವೇ ಮೊದಲು ನೆನಪಾಗುವುದು. ಕೊನೆಗೆ ಇಬ್ಬರು ಮಾತ್ರ ಅತ್ತಿಗೆಯ ಬಗ್ಗೆ ಬರೆದರು. ಅದರಲ್ಲಿ ಒಬ್ಬರು "ಒಳ್ಳೆಯವರು" ಎಂದಷ್ಟೇ.

ಎಲ್ಲದಕ್ಕೂ: ಪರಿಶೀಲನೆಯಲ್ಲಿದೆ.

ಮಾರ್ಚ್ 21, ಶುಕ್ರವಾರ

ಪತ್ರ ಬಂತು. ಕೌಂಟರಿನಲ್ಲಿ ನಿಲ್ಲಲಾಗದ ನೌಕರರನ್ನು ಏಪ್ರಿಲ್ 2ರಿಂದ ಗೋದಾಮಿಗೆ ಕಳಿಸುವುದು. ಊರಿನ ಆ ತುದಿ, ಎರಡು ಬಸ್ಸು. ಕೆಲಸ: ನೆಲದ ಮೇಲೆ ಕೂತು ಮೂಟೆ ಕಟ್ಟುವುದು. ಕೂರಿಸಿ ಎಂದು ಬರೆದದ್ದಕ್ಕೆ ಕೂರಿಸುವ ಏರ್ಪಾಡು ಮಾಡಿದ್ದಾರೆ!

ಪತ್ರವನ್ನು ಸುತ್ತೋಲೆ ಅಂಟಿಸಲಿಲ್ಲ, ಕೈಗೇ ಕೊಟ್ಟರು.

ಅತ್ತಿಗೆ ಓದಿ ಮಡಚಿ ಪರ್ಸಿನಲ್ಲಿಟ್ಟರು. ಬಸ್ಸಿನಲ್ಲಿ ಹೇಳಿದರು, "ನೆಲದ ಮೇಲೆ ಕೂತ್ರೆ ನನ್ನನ್ನ ಎಬ್ಬಿಸೋಕೆ ಕ್ರೇನ್ ತರಿಸ್ಬೇಕು. ಅದೂ ಇರ್ಲಿ. ಅಲ್ಲಿ ಮಾತಾಡೋಕೆ ಯಾರಿದ್ದಾರೆ? ಮೂಟೆನಾ?" ಟಿಕೆಟ್ಟನ್ನು ಸಣ್ಣಗೆ ಮಡಚುತ್ತಾ, "ಬಿಟ್ಬಿಡ್ತೀನಿ ಕಣೇ. ನೀನೊಬ್ಳೇ ಹೋಗ್ಬಾ."

ಕಿಟಕಿ ಕಡೆ ತಿರುಗಿಕೊಂಡೆ. ಅತ್ತಿಗೆಗೆ ಮನೆಯಲ್ಲಿ ಸುಮ್ಮನೆ ಕೂರುವುದೆಂದರೆ ಏನೆಂದು ನನಗೆ ಗೊತ್ತು. ಅಣ್ಣ ಹೋದ ವರ್ಷ ಕೂತಿದ್ದರು. ಆ ವರ್ಷದಲ್ಲಿ ಅವರು ಆಡಿದ ಮಾತನ್ನು ಬೆರಳು ಮಡಚಿ ಎಣಿಸಬಹುದಿತ್ತು.

ಮಾರ್ಚ್ 25, ಮಂಗಳವಾರ. ಬಸ್ ಸ್ಟಾಪಿನಲ್ಲಿ

ದೂರಜ್ಜ ಬರೆದು ಹೋದ ಮೇಲೆ ಪುಸ್ತಕ ತೆರೆದೆ. "ಸಂಖ್ಯೆ 218. ಮಾರ್ಚ್ 5ರಂದು, ಎಂದಿನ ಮಂಗಳವಾರವಲ್ಲದೆ ಬುಧವಾರ ಬಂದು, ಇಲ್ಲಿ ಕೊಂಡ ನೀಲಿ ಸ್ಟೂಲು ಅಲ್ಲಾಡುತ್ತಿತ್ತು. ನಾನೇ ಸರಿಪಡಿಸಿಕೊಂಡೆ. ಸಂಸ್ಥೆಗೆ ನಾಚಿಕೆಯಾಗಬೇಕು."

ಇಸ್ತ್ರಿ ಪೆಟ್ಟಿಗೆ ಹಾಗೇ ಬಿಟ್ಟು ಓಡಿದೆ. ಎರಡನೇ ತಿರುವಿನಲ್ಲಿ ಸಿಕ್ಕರು.

"ಅಜ್ಜಾ, ಆ ಸ್ಟೂಲು ನಮ್ಮತ್ತಿಗೇದು!"

"ರಸೀದಿ ಇದೆ. ಈಗ ನಂದು."

"ಅವರು ಕೂರ್ತಿದ್ದಿದ್ದೇ ಅದರ ಮೇಲೆ ಅಜ್ಜಾ."

ನಿಂತರು. ಕೌಂಟರಿನ ಹಿಂದೆ ಅತ್ತಿಗೆ ಯಾವುದರ ಮೇಲೆ ಕೂತಿರುತ್ತಾರೆಂದು ಅವರು ಯಾವತ್ತೂ ಕಂಡಿರಲಿಲ್ಲ. ಮುಖ ಒಂದು ಕ್ಷಣ ಮೆತ್ತಗಾಯಿತು. ಆಮೇಲೆ ಮತ್ತೆ ದೂರಜ್ಜನೇ ಆದರು.

"ನನ್ನ ಮೇಜಿಗೆ ಹೇಳಿ ಮಾಡಿಸಿದ ಎತ್ತರ ಅದು. ಕೊಡ್ತೀನಿ. ಆದ್ರೆ ಪರದೆ ಸರಿ ಮಾಡ್ಸು. ನಾಲ್ಕು ವರ್ಷದಿಂದ ನನ್ನ ಮೊಣಕಾಲು ಊರೆಲ್ಲ ನೋಡ್ತಿದೆ."

ಮಾರ್ಚ್ 28, ಶುಕ್ರವಾರ. ಟೀ ಹೊತ್ತು, ಚಹಾ ಇಲ್ಲ

ಮೂರು ದಿನದ ಟೀ ವಿರಾಮ ಪರದೆಗೇ ಹೋಯಿತು. ಚಿಂದಿ ರಾಶಿಯ ಹೂವಿನ ಫ್ರಾಕು ಬಿಚ್ಚಿ ಅಡಿಗೆ ಪಟ್ಟಿ ಹೊಲಿಯುತ್ತಿದ್ದೇನೆ. ಒಂದು ಗೇಣಲ್ಲ, ಒಂದೂವರೆ. ಅಜ್ಜನ ಪಾದವೂ ಕಾಣಬಾರದು.

ಅರ್ಧ ಹೊಲಿದಿರುವಾಗ ಸುತ್ತೋಲೆ ಬಂದರು. ಸೂಜಿ ಬಚ್ಚಿಡಲು ಹೋಗಿ ಚುಚ್ಚಿಕೊಂಡೆ.

"ದೂರಿನ ವಸ್ತು ರಿಪೇರಿ ಮಾಡೋಕೆ ಮಂಜೂರಾತಿ ಬೇಕು" ಎಂದರು.

ಯಾಕೆ ಎಂದು ಹೇಳಿದೆ. ಎಲ್ಲವನ್ನೂ. ಚೀಟಿ ಕಟ್ಟಿದ್ದು ನಾನೇ ಎಂಬುದನ್ನೂ. ಅವರು ಮೂಗು ಒರೆಸಿಕೊಂಡರು. "ಮಾರಿದ್ದು ನಾನು" ಎಂದರು. ಆಮೇಲೆ, "ನಮ್ಮಮ್ಮಂಗೂ ಮಂಡಿ ನೋವು."

ಬಾಗಿಲು ಮುಚ್ಚಿ ಬಂದು ಪರದೆಯ ಇನ್ನೊಂದು ತುದಿ ಎಳೆದು ಹಿಡಿದು ನಿಂತರು. ಹೊಲಿಗೆ ನೆಟ್ಟಗೆ ಬಂತು. "ನಾನಿದನ್ನ ನೋಡಿಲ್ಲ" ಎಂದು ಹಿಡಿದುಕೊಂಡೇ ಹೇಳಿದರು. ಈ ಮನುಷ್ಯನಿಗೆ ಇಷ್ಟು ವರ್ಷ ಅಡ್ಡಹೆಸರಿಟ್ಟು ನಕ್ಕಿದ್ದೇನಲ್ಲ ಎಂದು ಬೇಜಾರಾಯಿತು. ಹೆಸರು ಮಾತ್ರ ಬದಲಾಯಿಸುವುದಿಲ್ಲ, ಚೆನ್ನಾಗಿದೆ.

ಮಾರ್ಚ್ 30, ಭಾನುವಾರ. ಮಧ್ಯಾಹ್ನ

ಹೇಳಿಬಿಟ್ಟೆ.

ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ಈ ಡೈರಿಯ ಆ ಪುಟ ತೆರೆದು ಕೆಂಪು ಚೀಟಿ ತೋರಿಸಿದೆ. "ನಾನೇ ಅತ್ತಿಗೆ. ಬಲ್ಬು ಹಾಕೋಕೆ ತಂದು ಮರೆತೆ, ಚೀಟಿ ಕಟ್ಟಿದ್ದೂ ನಾನೇ" ಎಂದೆ. ಐವತ್ತೆರಡು ವರ್ಷದವಳು, ಗಾಜು ಒಡೆದ ಮಗುವಿನ ಹಾಗೆ ಅತ್ತೆ.

ಅವರು ಎದ್ದು ಪರ್ಸು ತಂದರು. ಒಳಗಿನಿಂದ ಹಳದಿ ಚೀಟಿಯ ಅರ್ಧ ತುಂಡು ತೆಗೆದು ಮುಂದಿಟ್ಟರು. ಮಾರಿದಾಗ ಹರಿದು ಕೌಂಟರಿನ ಕಂಬಿಗೆ ಚುಚ್ಚಿಡುವ ತುಂಡು. ಬೆಲೆಯಲ್ಲಿ ಒಂದು 7. ನಾನು 7 ಬರೆದರೆ ನಡುವೆ ಗೆರೆ ಎಳೆಯುತ್ತೇನೆ.

"ನಿನ್ನ ಏಳು ನಂಗೆ ಗೊತ್ತಿಲ್ವೇನೇ? ಕಲಿಸಿದ್ದೇ ನಾನು."

"ಯಾವಾಗಿನಿಂದ ಗೊತ್ತು?"

"ಆವತ್ತು ಬೆಳಗ್ಗೇನೇ. ಬಾಯಿ ಯಾವಾಗ ಬಿಡ್ತಾಳೆ ನೋಡೋಣ ಅಂತ ಕಾಯ್ತಿದ್ದೆ. ಮಂಡಿಗಿಂತ ಅದೇ ಹೆಚ್ಚು ನೋಯ್ತಿತ್ತು."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮಡಚುತ್ತಿದ್ದ ಟವೆಲ್ಲಿನಲ್ಲೇ ನನ್ನ ಮೂಗು ಒರೆಸಿ, "ಇನ್ನು ಇದನ್ನ ಮತ್ತೆ ಒಗೀಬೇಕು" ಎಂದರು.

ಏಪ್ರಿಲ್ 1, ಮಂಗಳವಾರ. ಸಂಜೆ

ದೂರಜ್ಜ ಸ್ಟೂಲು ತಲೆಯ ಮೇಲೆ ಹೊತ್ತುಕೊಂಡು ಬಂದರು. ಕೆಳಗಿಟ್ಟು ನೇರ ಟ್ರಯಲ್ ರೂಮಿಗೆ ಹೋಗಿ ಪರದೆ ಎಳೆದುಕೊಂಡರು. ಒಳಗಿನಿಂದ ದನಿ: "ಕಾಣುತ್ತಾ?"

ಕ್ಯೂನಲ್ಲಿದ್ದವರೆಲ್ಲ, "ಇಲ್ಲಾ!"

"ಪಾದ?"

"ಇಲ್ಲಾ!"

ಹೊರಗೆ ಬಂದರು. "ಹೂವಿನ ಡಿಸೈನ್ ನಂಗೆ ಹಿಡಿಸ್ಲಿಲ್ಲ. ಮುಂದಿನ ವಾರ ಬರೀತೀನಿ." ಪರದೆ ಉದ್ದವಾಯಿತು, ಆದರೆ ಮಂಜೂರಾತಿ ಬರದಿದ್ದರಿಂದ ಮೂರನೇ ದೂರು ಪುಸ್ತಕದಲ್ಲಿ ಇನ್ನೂ ಪರಿಶೀಲನೆಯಲ್ಲೇ ಇದೆ.

ಸ್ಟೂಲನ್ನು ಕೌಂಟರಿನ ಹಿಂದೆ ಇಡಲು ಹೋದರೆ ಸುತ್ತೋಲೆ ತಡೆದರು. ಒಮ್ಮೆ ಮಾರಿದ್ದು ಅಂಗಡಿಯ ಸ್ವತ್ತಲ್ಲ. ಅಜ್ಜ ವಾಪಸ್ ಕೊಟ್ಟರೆ ಅದು ಹೊಸ ದಾನ. ದಾನ ಬಂದದ್ದು ಮಾರಾಟಕ್ಕೆ. ದೇವರು ಕೊಟ್ಟರೂ ಪೂಜಾರಿ ಕೊಡ! ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ಫೈಲು ತೆಗೆದು ಹಾಳೆ ತಿರುವತೊಡಗಿದರು. ತಿರುವಿದರು, ಸೀನಿದರು, ತಿರುವಿದರು.

"ಸಿಕ್ತು! ಸುತ್ತೋಲೆ 31. 'ಮಾರಾಟದ ಪೀಠೋಪಕರಣಗಳನ್ನು ಬಳಕೆಯಲ್ಲಿರುವಂತೆ ಪ್ರದರ್ಶಿಸತಕ್ಕದ್ದು.'"

ಎಲ್ಲರೂ ಮುಖ ಮುಖ ನೋಡಿಕೊಂಡೆವು.

"ಅಮ್ಮಾ" ಎಂದರು ಅತ್ತಿಗೆಗೆ, "ದಯವಿಟ್ಟು ಪ್ರದರ್ಶನ ಮಾಡಿ."

ಮಾರಾಟದ ಚೀಟಿಗೆ ತಿಂಗಳಿಗೊಂದು ಬಣ್ಣ; ಏಪ್ರಿಲ್ಲಿನ ಗುಲಾಬಿ ಚೀಟಿ ಕಟ್ಟಿದೆ, ಈ ಸಲ ಕಣ್ಣು ಬಿಟ್ಟುಕೊಂಡು. ಅತ್ತಿಗೆ ಕೂತರು. ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. ಕ್ಯೂನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಗೋದಾಮಿನ ಪತ್ರದ ಮೇಲೆ ಸುತ್ತೋಲೆ "ಸದ್ಯಕ್ಕೆ ಅಗತ್ಯವಿಲ್ಲ" ಎಂದು ಬರೆದರು.

ಸದ್ಯಕ್ಕೆ. ಮಾರಾಟದ ಯಾವ ಚೀಟಿಗೂ ನಾಲ್ಕು ವಾರ ಆಯುಷ್ಯ. ಅಷ್ಟರಲ್ಲಿ ಮಾರದಿದ್ದರೆ ಚಿಂದಿ ಲಾರಿ. ಏಪ್ರಿಲ್ 29ಕ್ಕೆ ಮುಗಿಯುತ್ತದೆ.

ಏಪ್ರಿಲ್ 15, ಮಂಗಳವಾರ

ಒಬ್ಬಾತ ಸ್ಟೂಲಿನ ಬೆಲೆ ಕೇಳಿದ. ಅತ್ತಿಗೆ ಎಂದರು, "ಸ್ಟೂಲ್ ಜೊತೆ ನಾನೂ ಬರ್ತೀನಪ್ಪಾ, ಮನೇಲಿ ಜಾಗ ಇದ್ಯಾ?" ಓಡಿಹೋದ. ಮಂಡಿಯ ಊತ ಇಳಿದಿದೆ. ನನಗೆ ಬೈಯುವುದೂ ಮೊದಲಿನ ಹಾಗೆ ಶುರುವಾಗಿದೆ, ಸಮಾಧಾನ.

ಏಪ್ರಿಲ್ 29, ಮಂಗಳವಾರ. ಅಂಗಡಿ ಮುಚ್ಚುವ ಹೊತ್ತು

ಮನೆಗೆ ಹೋಗುವವರೆಗೆ ತಡೆಯಲಾರೆ, ಇಲ್ಲೇ ಬರೆಯುತ್ತೇನೆ.

ಇವತ್ತೇ ಕೊನೆಯ ದಿನ. ಇವತ್ತೇ ಹೆಡ್ಡಾಫೀಸಿನ ಮೇಡಂ ತಪಾಸಣೆಗೆ ಬರಬೇಕೇ! ಎತ್ತರದ ಹೆಂಗಸು, ಕೈಯಲ್ಲಿ ಪ್ಯಾಡು. ಗಡಿಯಾರ, ಕನ್ನಡಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಟಿಕ್ ಮಾಡುತ್ತಾ ಕೌಂಟರಿಗೆ ಬಂದರು. ಅತ್ತಿಗೆ ಕೂತಿದ್ದರು.

"ಇದು?"

ಸುತ್ತೋಲೆ ಮೂವತ್ತೊಂದನೆಯದನ್ನು ಓದಿದರು. ದನಿ ಒಣಗಿತ್ತು. ಮೇಡಂ ಬಗ್ಗಿ ಗುಲಾಬಿ ಚೀಟಿ ನೋಡಿದರು. "ಇವತ್ತು ಮುಗಿಯುತ್ತಲ್ಲ. ನಾಳೆ ಲಾರಿಗೆ ಹೋಗೋದು. ಚೆನ್ನಾಗಿದೆ... ನಾನೇ ತಗೋತೀನಿ ಬಿಡಿ."

ಅತ್ತಿಗೆ ಎದ್ದು ನಿಂತರು, ಕೌಂಟರಿನ ಅಂಚು ಹಿಡಿದುಕೊಂಡು. ಮಂಡಿಯ ಪಟ್ಟಿ ಕಾಣುತ್ತಿತ್ತು.

ಆಗ ಕ್ಯೂನ ಹಿಂದಿನಿಂದ ದೂರಜ್ಜ, "ತಗೋಬೇಡೀಮ್ಮಾ! ಅಲ್ಲಾಡುತ್ತೆ!"

ಹಸಿರು ಸ್ವೆಟರಿನ ಹೆಂಗಸು, "ಹೌದು, ಮೊಳೆ ಬಟ್ಟೆ ಹರಿಯುತ್ತೆ. ನಂದು ಹರೀತು."

ಗೊಂಬೆಗೆ ತಲೆ ಕೇಳಿದವರು, "ತಿಗಣೆ ಇದೆ."

"ಕೂತ್ರೆ ಬೆನ್ನು ಹಿಡಿಯುತ್ತೆ."

"ಬಣ್ಣ ಅಂಟುತ್ತೆ!"

ಎಲ್ಲವೂ ಸುಳ್ಳು. ಹಸಿಹಸಿ ಸುಳ್ಳು. ಈ ಜನವೇ ಹಿಂದೆ ಅತ್ತಿಗೆಗಾಗಿ ಬರೆಯಿರೆಂದರೆ ಶೂ, ಗೊಂಬೆ, ಅಂಗಿ ಎಂದು ಬರೆದವರು.

ಮೇಡಂ ಸ್ಟೂಲಿನ ಮೇಲೆ ಕೂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಅದು ಅಲ್ಲಾಡಲೇ ಇಲ್ಲ. ಗಡಿಯಾರದವರ ಕೈ, ಹೇಗೆ ಅಲ್ಲಾಡೀತು? ಮೇಡಂ ಅಜ್ಜನನ್ನು ನೋಡಿದರು. ಅತ್ತಿಗೆಯ ಮಂಡಿ ನೋಡಿದರು. ಬಹಳ ಹೊತ್ತು ನೋಡಿದರು.

"ಹೌದು" ಎಂದರು. "ಸ್ವಲ್ಪ ಅಲ್ಲಾಡುತ್ತೆ. ಪುಸ್ತಕದಲ್ಲಿ ಬರೀರಿ."

ದೂರಜ್ಜ ಬರೆದರು. ಸಂಖ್ಯೆ 226. ಮೇಡಂ ಎದ್ದು ಕೆಳಗೆ ಸಹಿ ಹಾಕಿದರು. ಸುತ್ತೋಲೆಗೆ ಆಗ ಹೊಳೆಯಿತು, ಮುಖವೆಲ್ಲ ಹಲ್ಲಾಯಿತು. "ಸುತ್ತೋಲೆ 12 ಪ್ರಕಾರ, ದೂರು ತೀರೋವರೆಗೂ ಇದನ್ನ ಮಾರೋ ಹಾಗಿಲ್ಲ, ಲಾರಿಗೆ ಹಾಕೋ ಹಾಗಿಲ್ಲ, ಇಲ್ಲಿಂದ ಕದಲ್ಸೋ ಹಾಗಿಲ್ಲ!"

ಅತ್ತಿಗೆ ಮೆಲ್ಲಗೆ ಕೇಳಿದರು, "ದೂರು ಯಾವಾಗ ತೀರುತ್ತೆ?"

ದೂರಜ್ಜ ನಕ್ಕದ್ದನ್ನು ಇವತ್ತೇ ಮೊದಲು ನೋಡಿದ್ದು. "ಯೋಚ್ನೆ ಮಾಡ್ಬೇಡಿ ತಾಯೀ. ನನ್ನ ಮೊದಲನೇ ದೂರೇ ಇನ್ನೂ ತೀರಿಲ್ಲ."

ಸುತ್ತೋಲೆ ಪೆನ್ನು ತೆಗೆದು ಪಕ್ಕದ ಅಂಕಣದಲ್ಲಿ ತಮ್ಮ ಅತಿ ಚೆಂದದ ಅಕ್ಷರದಲ್ಲಿ ಬರೆದರು: ಪರಿಶೀಲನೆಯಲ್ಲಿದೆ. ನಾಲ್ಕು ವರ್ಷ ನಮ್ಮೆಲ್ಲರ ಹೊಟ್ಟೆ ಉರಿಸಿದ ಪದ. ಅತ್ತಿಗೆ ಅದನ್ನು ಮೂರು ಸಲ ಓದಿ ಕೂತರು.

ಈಗ ಕರೆಯುತ್ತಿದ್ದಾರೆ, ಏಳಲು ಕೈ ಬೇಕಂತೆ. ಮೇಡಂ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದೊಂದು ಬರೆಯುವುದಿತ್ತು, ಇರಲಿ, ಅತ್ತಿಗೆ ಮತ್ತೆ ಕೂಗಿದರು —